ಮೈಟ್ರಲ್ ಕವಾಟಕ್ಕೆ ಕ್ಲಿಪ್: ಆಮೇಲೆ ಹೃದಯದಲ್ಲಿ ಏನು ಬದಲಾಗುತ್ತದೆ?

ಹೃದಯದ ಎಡಭಾಗದಲ್ಲಿ ಎರಡು ಕೋಣೆ. ಶ್ವಾಸಕೋಶದಿಂದ ಬಂದ ರಕ್ತ ಮೇಲಿನ ಹೃತ್ಕರ್ಣಕ್ಕೆ ಬಂದು ಕೆಳಗಿನ ಹೃತ್ಕುಕ್ಷಿಗೆ ಇಳಿಯುತ್ತದೆ. ಹೃತ್ಕುಕ್ಷಿ ಅದನ್ನು ಮೈಗೆಲ್ಲ ತಳ್ಳುತ್ತದೆ. ಇವೆರಡರ ನಡುವಿನ ಬಾಗಿಲೇ ಮೈಟ್ರಲ್ ಕವಾಟ. ಅದರ ಎರಡು ಎಸಳು ಸರಿಯಾಗಿ ಕೂಡದಿದ್ದರೆ ಪ್ರತಿ ಬಡಿತಕ್ಕೂ ಒಂದಷ್ಟು ರಕ್ತ ಹಿಂದಕ್ಕೆ ಸೋರುತ್ತದೆ. ಸೋರಿಕೆ ಜಾಸ್ತಿಯಾಗಿ ಬಹಳ ಕಾಲ ಉಳಿದರೆ ಎರಡೂ ಕೋಣೆಗಳು ಹಿಗ್ಗುತ್ತವೆ, ಒತ್ತಡ ಶ್ವಾಸಕೋಶದವರೆಗೆ ಏರುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ.

ಸೋರಿಕೆಯಲ್ಲಿ ಎರಡು ಬಗೆ. ಒಂದರಲ್ಲಿ ಎಸಳೋ ಅದನ್ನು ಹಿಡಿದ ದಾರದಂಥ ತಂತುವೋ ಕೆಟ್ಟಿರುತ್ತದೆ. ಇನ್ನೊಂದರಲ್ಲಿ ಎಸಳು ನೆಟ್ಟಗೇ ಇರುತ್ತದೆ. ಹಾರ್ಟ್ ಅಟ್ಯಾಕ್ ಮೊದಲಾದ ಕಾರಣದಿಂದ ಹೃತ್ಕುಕ್ಷಿ ಹಿಗ್ಗಿ ಎಸಳುಗಳನ್ನು ದೂರ ಎಳೆದಿರುತ್ತದೆ. ಈ ಭೇದ ನೆನಪಿರಲಿ, ಮುಂದೆ ಬೇಕಾಗುತ್ತದೆ.

1990ರ ದಶಕದ ಆರಂಭದಲ್ಲಿ ಇಟಲಿಯ ಶಸ್ತ್ರವೈದ್ಯ ಒಟ್ಟಾವಿಯೊ ಅಲ್ಫಿಯೇರಿ ಎರಡೂ ಎಸಳುಗಳ ಅಂಚನ್ನು ನಡುವೆ ಸೇರಿಸಿ ಹೊಲಿಯುವ ಉಪಾಯ ಮಾಡಿದರು. ಒಂದು ಬಾಗಿಲು ಎರಡು ಕಿಂಡಿಯಾಯಿತು, ಸೋರಿಕೆ ಇಳಿಯಿತು. ಅದನ್ನೇ ಎದೆ ಸೀಳದೆ ಮಾಡುವುದು ಮೈಟ್ರಾಕ್ಲಿಪ್. ತೊಡೆಸಂದಿನ ರಕ್ತನಾಳದಿಂದ ಕೆಥೆಟರ್ ಏರಿಸಿ, ಹೃತ್ಕರ್ಣಗಳ ನಡುವಿನ ಗೋಡೆಗೆ ಸಣ್ಣ ತೂತು ಮಾಡಿ, ಅನ್ನನಾಳದಲ್ಲಿಟ್ಟ ಎಕೋ ನೋಡಿಕೊಂಡು ಕ್ಲಿಪ್ಪಿನಿಂದ ಎಸಳುಗಳನ್ನು ಹಿಡಿಸುತ್ತಾರೆ. ಮನುಷ್ಯರಿಗೆ ಮೊದಲು ಹಾಕಿದ್ದು 2003ರಲ್ಲಿ. ಅಮೆರಿಕದ ಅನುಮತಿ ಮೊದಲ ಬಗೆಗೆ 2013ರಲ್ಲಿ, ಎರಡನೆಯ ಬಗೆಗೆ 2019ರಲ್ಲಿ ಸಿಕ್ಕಿತು.

ಈಗ ಮುಖ್ಯ ವಿಷಯ. ನಮ್ಮ ಗಡಿ ಊರುಗಳಲ್ಲಿ ಡಾಕ್ಟರೊಡನೆ ಮಾತು ಮಲಯಾಳಂನಲ್ಲೋ ಮರಾಠಿಯಲ್ಲೋ, ವರದಿ ಇಂಗ್ಲಿಷಿನಲ್ಲಿ. ಕಡೆಗೆ ಮನೆಯವರ ಕಣ್ಣಿಗೆ ಬೀಳುವುದು 'ಇ.ಎಫ್.' ಎಂಬ ಒಂದು ಅಂಕಿ. ತುಂಬಿದ ರಕ್ತದಲ್ಲಿ ಹೃತ್ಕುಕ್ಷಿ ಹೊರಹಾಕಿದ ಪಾಲು ಅದು. ಕ್ಲಿಪ್ ಆದ ಮೇಲೆ ಅದು ಸ್ವಲ್ಪ ಇಳಿದರೆ ಗಾಬರಿ ಬೀಳುತ್ತಾರೆ. ಗುಮಾಸ್ತನಾಗಿದ್ದ ನನಗೆ ಇದು ಒಟ್ಟು ಮತ್ತು ನಿವ್ವಳದ ಲೆಕ್ಕದಂತೆ ಕಾಣುತ್ತದೆ. ಉದಾಹರಣೆಗೆ, ಹೃತ್ಕುಕ್ಷಿಯಲ್ಲಿ 150 ಮಿ.ಲೀ. ತುಂಬಿ 90 ಹೊರಬಿದ್ದರೆ ಇ.ಎಫ್. 60. ಆದರೆ ಆ 90ರಲ್ಲಿ 40 ಹಿಂದಕ್ಕೆ ಸೋರಿದರೆ ಮೈಗೆ ಸಿಕ್ಕಿದ್ದು 50 ಮಾತ್ರ. ಕ್ಲಿಪ್ ನಂತರ 120 ತುಂಬಿ 66 ಹೊರಬಿದ್ದರೆ ಇ.ಎಫ್. 55ಕ್ಕೆ ಇಳಿಯಿತು, ಸೋರಿದ್ದು 6 ಆದರೆ ಮೈಗೆ 60 ಸಿಕ್ಕಿತು. ಅಂಕಿ ಇಳಿದರೂ ಕೆಲಸ ಹೆಚ್ಚಾಯಿತು. ದೊಡ್ಡ ಇಳಿತ ಕಂಡರೆ ಮಾತ್ರ ಡಾಕ್ಟರನ್ನು ಕೇಳಲೇಬೇಕು.

279 ಜನರ ಎವರೆಸ್ಟ್-2 ಪ್ರಯೋಗದಲ್ಲಿ (2011) ಕಂಡದ್ದೂ ಇದೇ. ಒಂದು ವರ್ಷದಲ್ಲಿ ತುಂಬಿದ ಹೃತ್ಕುಕ್ಷಿಯ ಗಾತ್ರ ಕ್ಲಿಪ್ ಹಾಕಿಸಿಕೊಂಡವರಲ್ಲಿ ಸರಾಸರಿ ಸುಮಾರು 25 ಮಿ.ಲೀ., ಶಸ್ತ್ರಚಿಕಿತ್ಸೆಯಾದವರಲ್ಲಿ ಸುಮಾರು 40 ಮಿ.ಲೀ. ಕುಗ್ಗಿತು, ಇ.ಎಫ್. ಎರಡೂ ಕಡೆ ಇಳಿಯಿತು. ಸೋರಿಕೆ ನಿಲ್ಲಿಸುವುದರಲ್ಲಿ ಶಸ್ತ್ರಚಿಕಿತ್ಸೆಯೇ ಮುಂದು, ಸುರಕ್ಷತೆಯಲ್ಲಿ ಕ್ಲಿಪ್ ಮುಂದು.

ಎರಡನೆಯ ಬಗೆಯಲ್ಲಿ ಹೃದಯ ಅಷ್ಟು ಕುಗ್ಗುವುದಿಲ್ಲ. 2018ರ ಕೋಆಪ್ಟ್ ಪ್ರಯೋಗದಲ್ಲಿ, 614 ಜನರ ಪೈಕಿ ಬರೀ ಔಷಧಿಯಲ್ಲಿದ್ದವರ ಹೃತ್ಕುಕ್ಷಿ ಒಂದು ವರ್ಷದಲ್ಲಿ ಸರಾಸರಿ 17 ಮಿ.ಲೀ. ಹಿಗ್ಗಿತು, ಕ್ಲಿಪ್ ಕೂಡ ಇದ್ದವರದು ಹೆಚ್ಚುಕಮ್ಮಿ ಇದ್ದಲ್ಲೇ ನಿಂತಿತು. ಅಷ್ಟಕ್ಕೇ ಎರಡು ವರ್ಷದ ಸಾವಿನ ಪ್ರಮಾಣ ಶೇ. 46ರಿಂದ 29ಕ್ಕೆ ಇಳಿಯಿತು. ಅದೇ ವರ್ಷ ಫ್ರಾನ್ಸಿನ ಮೈಟ್ರಾ-ಎಫ್‌ಆರ್ ಪ್ರಯೋಗದಲ್ಲಿ ಮಾತ್ರ ಏನೂ ವ್ಯತ್ಯಾಸ ಕಾಣಲಿಲ್ಲ. ಅಲ್ಲಿನವರ ಹೃತ್ಕುಕ್ಷಿ ಮೊದಲೇ ಬಹಳ ಹಿಗ್ಗಿತ್ತು, ಸೋರಿಕೆ ಕಡಿಮೆ ಇತ್ತು ಎಂಬುದು ಹಲವು ತಜ್ಞರ ವಿವರಣೆ. ನನಗೂ ಅದೇ ಸರಿಯೆನಿಸುತ್ತದೆ: ಸೋರಿಕೆಗಿಂತ ಸ್ನಾಯುವೇ ಹೆಚ್ಚು ಕೆಟ್ಟಿದ್ದರೆ ಕ್ಲಿಪ್ ಏನು ಮಾಡೀತು?

ಕ್ಲಿಪ್ ಬಾಗಿಲನ್ನು ಕಿರಿದಾಗಿಸುತ್ತದೆ. ಹಾಗಾಗಿ ನಮ್ಮ ದೇಶದಲ್ಲಿ ಇನ್ನೂ ಕಾಣುವ, ರುಮ್ಯಾಟಿಕ್ ಜ್ವರದಿಂದ ಎಸಳು ದಪ್ಪಗಟ್ಟಿ ಬಾಗಿಲೇ ಕಿರಿದಾದ ರೋಗಿಗಳಿಗೆ ಇದು ಸಾಮಾನ್ಯವಾಗಿ ಒಗ್ಗುವುದಿಲ್ಲ. ಗೋಡೆಗೆ ಮಾಡಿದ ತೂತು ಅನೇಕರಲ್ಲಿ ಕ್ರಮೇಣ ತಾನೇ ಮುಚ್ಚಿಕೊಳ್ಳುತ್ತದೆ. ಕೆಲವರಲ್ಲಿ ಉಳಿಯುವುದರಿಂದ ಮುಂದಿನ ಎಕೋದಲ್ಲಿ ಅದನ್ನೂ ನೋಡುತ್ತಾರೆ.