ಥೀಸ್ ಮುದುಕನ ಪಾನಪಾತ್ರೆ

ಬಾಲ್ಟಿಕ್ ಸಮುದ್ರತೀರದ ಲಿವೋನಿಯಾ ಪ್ರಾಂತವು ಸ್ವೀಡನ್ನಿನ ಅರಸರ ಆಳ್ವಿಕೆಗೆ ಒಳಪಟ್ಟಿದ್ದ ಕಾಲದಲ್ಲಿ, 1691ನೆಯ ಇಸವಿಯಲ್ಲಿ, ಯೂರ್ಗೆನ್ಸ್‌ಬುರ್ಗಿನ ನ್ಯಾಯಸ್ಥಾನದೆದುರು ಇಗರ್ಜಿಯ ಕಳವಿನ ಮೊಕದ್ದಮೆಯೊಂದು ವಿಚಾರಣೆಗೆ ಬಂದಿತು. ಸಾಕ್ಷಿಗಳಲ್ಲಿ ಎಂಬತ್ತು ದಾಟಿದ ಥೀಸ್ ಎಂಬ ಬಡರೈತನೂ ಒಬ್ಬ. ಅವನಿಂದ ಪ್ರಮಾಣ ಮಾಡಿಸುವ ಹೊತ್ತಿಗೆ ಮತ್ತೊಬ್ಬ ಸಾಕ್ಷಿ ಮುಗುಳ್ನಕ್ಕನು. ಕಾರಣವೇನೆಂದು ವಿಚಾರಿಸಲಾಗಿ, ಈತನು ತೋಳನಾಗಿ ಸಂಚರಿಸುವವನೆಂಬುದು ಊರಿಗೆಲ್ಲ ತಿಳಿದ ಸಂಗತಿ ಎಂಬ ಉತ್ತರ ದೊರೆಯಿತು. ಥೀಸ್ ಅದನ್ನು ಅಲ್ಲಗಳೆಯಲಿಲ್ಲ.

ಅದಕ್ಕೆ ಸುಮಾರು ನೂರು ವರ್ಷಗಳ ಹಿಂದೆ, 1589ರಲ್ಲಿ, ಜರ್ಮನಿಯ ಬೆಡ್‌ಬುರ್ಗಿನಲ್ಲಿ ಪೀಟರ್ ಸ್ಟುಂಪ್ ಎಂಬವನನ್ನು ಇದೇ ಆರೋಪದ ಮೇಲೆ ಚಿತ್ರವಧೆ ಮಾಡಿ ಕೊಂದಿದ್ದರು. ಪಿಶಾಚನೊಡನೆ ಒಪ್ಪಂದ ಮಾಡಿಕೊಂಡೆಯಾ ಎಂಬುದೊಂದೇ ಅಂದಿನ ಕಾನೂನಿಗೆ ಗೊತ್ತಿದ್ದ ಪ್ರಶ್ನೆ. ಥೀಸನ ಉತ್ತರವೋ ಆ ಪ್ರಶ್ನೆಯ ಚೌಕಟ್ಟನ್ನೇ ಮುರಿಯುವಂಥದು: ತಾವು ಪಿಶಾಚನ ಸೇವಕರಲ್ಲ, ದೇವರ ಬೇಟೆನಾಯಿಗಳು, ವರ್ಷದಲ್ಲಿ ಮೂರು ಸಲ, ಸಂತ ಲೂಸಿಯಳ ರಾತ್ರಿ, ಪೆಂತೆಕೋಸ್ತಿನ ರಾತ್ರಿ, ಸಂತ ಯೋಹಾನನ ರಾತ್ರಿ, ನರಕಕ್ಕಿಳಿದು, ಮಾಟಗಾರರು ಕದ್ದೊಯ್ದ ಧಾನ್ಯದ ಸಾರವನ್ನು ಮರಳಿ ತರುವವರು, ತಾವು ಸೋತ ವರ್ಷ ನಾಡಿನಲ್ಲಿ ಬೆಳೆಯಿಲ್ಲ. ರಷ್ಯನ್ನರ ತೋಳಗಳಿಗೂ ಜರ್ಮನರ ತೋಳಗಳಿಗೂ ಬೇರೆಬೇರೆ ನರಕಗಳುಂಟೆಂದು, ಗ್ರಾಮಗಳ ಎಲ್ಲೆಗಳನ್ನು ವಿವರಿಸುವ ಶಾನುಭೋಗನ ನಿಶ್ಚಯದಿಂದ ಅವನು ಹೇಳಿದನು. ಮುರಿದ ತನ್ನ ಮೂಗನ್ನೇ ರುಜುವಾತಾಗಿ ತೋರಿದನು. ಹಿಂದೊಮ್ಮೆ ನರಕದಲ್ಲಿ ಸ್ಕೈಸ್ತಾನ್ ಎಂಬ ಮಾಟಗಾರನು ಕುದುರೆಬಾಲ ಸುತ್ತಿದ ಪೊರಕೆಯ ಹಿಡಿಯಿಂದ ಹೊಡೆದಿದ್ದನಂತೆ.

ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಮತ್ತೊಂದು ಮಾತಿನ ಮೇಲೆ. ಈ ವಿದ್ಯೆ ನಿನಗೆ ಹೇಗೆ ಬಂತೆಂದು ನ್ಯಾಯಾಧೀಶರು ಕೇಳಿದರು. ಕಚ್ಚಿದ್ದರಿಂದ ಬಂದುದಲ್ಲ, ಶಾಪದಿಂದಲೂ ಅಲ್ಲ. ಮಾರಿಯೆನ್‌ಬುರ್ಗಿನವನೊಬ್ಬನು ಪಾನಪಾತ್ರೆಯನ್ನು ಎತ್ತಿ ಕುಡಿದು ತನ್ನ ಕೈಗಿತ್ತುದರಿಂದ ಬಂದುದು. ಕೊಡುವವನು ಪಾತ್ರೆಯೊಳಗೆ ಮೂರು ಬಾರಿ ಉಸಿರೂದಿ, ತನಗಾದದ್ದು ನಿನಗೂ ಆಗಲೆಂಬರ್ಥದ ಮಾತನ್ನು ಆಡಬೇಕು. ಎದುರಿನವನು ಕೈನೀಡಿ ಅದನ್ನು ತೆಗೆದುಕೊಂಡನೆಂದರೆ ಭಾರ ದಾಟಿತು, ಕೊಟ್ಟವನು ಬಿಡುಗಡೆ ಹೊಂದಿದನು. ಹಳಬನ ಬಾಯಿಯ ಉಸಿರು, ಹೊಸಬನ ಚಾಚಿದ ಕೈ, ನಡುವೆ ಒಂದು ಪಾತ್ರೆ: ದೀಕ್ಷೆಯೆಂದರೆ ಇಷ್ಟೇ. ಮುಂದಿನದನ್ನು ಕಲಿಸುತ್ತಿದ್ದುದು ಕೂಟದ ಸಹವಾಸ. ಬೇಟೆಯ ಮಾಂಸವನ್ನು ಹಸಿಯಾಗಿ ತಿನ್ನುವಿರೋ ಎಂಬ ಪ್ರಶ್ನೆಗೆ, ಇಲ್ಲ, ಮನುಷ್ಯರಂತೆ ಬೆಂಕಿಯಲ್ಲಿ ಸುಟ್ಟು ಉಪ್ಪು ಹಾಕಿ ತಿನ್ನುತ್ತೇವೆಂದು ಅವನು ಹೇಳಿದುದನ್ನು ಓದುವಾಗ, ಕಾಡಿನಲ್ಲಿಯೂ ಮನೆಯ ಮರ್ಯಾದೆಯನ್ನು ಬಿಡದ ಒಂದು ಬಳಗವೇ ಕಣ್ಣೆದುರು ನಿಲ್ಲುತ್ತದೆ.

ಅವನಿಂದ ದನಕರುಗಳಿಗೂ ಬೆಳೆಗೂ ಮಂತ್ರ ಹಾಕಿಸಿಕೊಳ್ಳುತ್ತಿದ್ದ ಒಕ್ಕಲುಗಳು ಅವನನ್ನು ಗೌರವದಿಂದಲೇ ಕಾಣುತ್ತಿದ್ದುವು. ಸರ್ಕಾರ ಹಾಗೆ ಕಾಣಲಿಲ್ಲ. 1692ರಲ್ಲಿ ಅವನಿಗೆ ಛಡಿಯೇಟು ಮತ್ತು ಗಡೀಪಾರಿನ ಶಿಕ್ಷೆ ವಿಧಿಸಲಾಯಿತು. ಆ ವಿಚಾರಣೆಯ ಕಡತವನ್ನು 1924ರಲ್ಲಿ ಹೆರ್ಮನ್ ಫಾನ್ ಬ್ರೂಯ್ನಿಂಕ್ ಅಚ್ಚುಹಾಕಿಸಿದನು. ಇಟಲಿಯ ಫ್ರಿಯೂಲಿ ಸೀಮೆಯಲ್ಲಿ ಸೋಂಪಿನ ಕಡ್ಡಿ ಹಿಡಿದು ಮಾಟಗಾರರೊಡನೆ ರಾತ್ರಿ ಕಾದಾಡುತ್ತಿದ್ದ ಬೆನಾಂದಾಂತಿಗಳ ಸೋದರನನ್ನು ಇತಿಹಾಸಕಾರ ಕಾರ್ಲೋ ಗಿನ್ಸ್‌ಬುರ್ಗ್ ಥೀಸನಲ್ಲಿ ಕಂಡನು.

ಶಿಕ್ಷೆಗೆ ಮೊದಲು ಊರ ಪಾದ್ರಿಯನ್ನು ಕರೆಸಿದ್ದರು. ಪಾಪವನ್ನೊಪ್ಪಿ ಪಶ್ಚಾತ್ತಾಪಪಡೆಂದು ಪಾದ್ರಿ ಬಹಳ ಹೊತ್ತು ಬೋಧಿಸಿದನು. ತಾನು ಯಾವ ಕೇಡನ್ನೂ ಮಾಡಿಲ್ಲ, ಈ ವಿಷಯ ಪಾದ್ರಿಗಿಂತ ತನಗೇ ಚೆನ್ನಾಗಿ ಗೊತ್ತು, ಅವರಿನ್ನೂ ಚಿಕ್ಕವರು ಎಂದು ಮುದುಕನು ನುಡಿದನು.