ಹೊಸ ಪುಸ್ತಕದ ಹಬ್ಬ: ಡಿಕನ್ಸ್ ತೆತ್ತ ಬೆಲೆ

ಪುಸ್ತಕವನ್ನು ಬರೆಯುವುದು ಒಂದು ಕೆಲಸ. ಬರೆದುದನ್ನು ಓದುಗನ ಕೈಗೆ ಮುಟ್ಟಿಸುವುದು ಇನ್ನೊಂದು. ಮೊದಲನೆಯದು ಲೇಖಕನದು, ಎರಡನೆಯದು ಪ್ರಕಾಶಕನದು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಲೇಖಕನೇ ತನ್ನ ಪುಸ್ತಕದ ಡಂಗುರ ಸಾರಲು ಹೊರಟರೆ ಮೂಗು ಮುರಿಯುವವರೂ ಉಂಟು. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರೆಂಬ ಮಾತನ್ನು ಗೌರವದಿಂದ ನೆನೆಯುವ ನಾವೇ, ನಮ್ಮ ಕಾಲದ ಕಾದಂಬರಿಕಾರನೊಬ್ಬ ಹೊಸ ಪುಸ್ತಕದ ಬಿಡುಗಡೆಗೆ ಆಹ್ವಾನಪತ್ರಿಕೆ ಹಿಡಿದು ಬಾಗಿಲಿಗೆ ಬಂದರೆ ಒಳಗೊಳಗೇ ನಗುತ್ತೇವೆ. ತನ್ನ ಪುಸ್ತಕದ ಸಂಭ್ರಮದಲ್ಲಿ ಲೇಖಕನು ಎಷ್ಟರಮಟ್ಟಿಗೆ ಪಾಲುಗೊಳ್ಳಬೇಕು? ಈ ಪ್ರಶ್ನೆಯನ್ನು ಇಂಗ್ಲೆಂಡಿನ ಚಾರ್ಲ್ಸ್ ಡಿಕನ್ಸನಷ್ಟು ತೀವ್ರವಾಗಿ ಬದುಕಿ ನೋಡಿದವರು ವಿರಳ. ಆತನ ಚರಿತ್ರೆಯ ಆ ಒಂದು ಎಳೆಯನ್ನು ಮಾತ್ರ ಇಲ್ಲಿ ಹಿಡಿಯುತ್ತೇನೆ.

1843ರ ಶರತ್ಕಾಲ. ಡಿಕನ್ಸನಿಗೆ ಆಗ ಮೂವತ್ತೊಂದು ವರ್ಷ. ‘ಪಿಕ್‌ವಿಕ್ ಪೇಪರ್ಸ್’ನಿಂದ ಇಪ್ಪತ್ತೈದರ ವಯಸ್ಸಿಗೇ ದೇಶವೆಲ್ಲ ಹೆಸರಾಗಿದ್ದ ಈತನ ಅದೃಷ್ಟ ಆ ವರ್ಷ ಸ್ವಲ್ಪ ಮಂಕಾಗಿತ್ತು. ಆಗ ಕಂತುಕಂತಾಗಿ ಹೊರಬರುತ್ತಿದ್ದ ‘ಮಾರ್ಟಿನ್ ಚಜ಼ಲ್‌ವಿಟ್’ ಕಾದಂಬರಿಯ ತಿಂಗಳ ಸಂಚಿಕೆಗಳು ಸುಮಾರು 20,000 ಪ್ರತಿಗಳ ಆಸುಪಾಸಿನಲ್ಲಿ ಮಾರಾಟವಾಗುತ್ತಿದ್ದವು. ಹಿಂದಿನ ‘ಓಲ್ಡ್ ಕ್ಯೂರಿಯಾಸಿಟಿ ಶಾಪ್’ ಒಂದು ಲಕ್ಷ ಮುಟ್ಟಿದ್ದನ್ನು ಕಂಡಿದ್ದ ಪ್ರಕಾಶಕರಿಗೆ ಇದು ಸಾಲದಾಯಿತು. ತಿಂಗಳ ಸಂಭಾವನೆಯಲ್ಲಿ 50 ಪೌಂಡು ಕಡಿತ ಮಾಡುವ ಮಾತನ್ನೂ ಅವರು ಎತ್ತಿದರು. ಮನೆಯಲ್ಲಿ ಐದನೆಯ ಮಗು ಹುಟ್ಟುವುದರಲ್ಲಿತ್ತು. ಇಂಥ ಇಕ್ಕಟ್ಟಿನಲ್ಲಿ ಆತ ಆರು ವಾರಗಳಲ್ಲಿ ಒಂದು ಪುಟ್ಟ ಪುಸ್ತಕವನ್ನು ಬರೆದು ಮುಗಿಸಿದ. ರಾತ್ರಿ ಲಂಡನ್ನಿನ ಬೀದಿಗಳಲ್ಲಿ ಹದಿನೈದು ಇಪ್ಪತ್ತು ಮೈಲಿ ನಡೆಯುತ್ತ, ತಾನೇ ಅಳುತ್ತ ನಗುತ್ತ ಕಟ್ಟಿದ ಕಥೆ ಅದು: ‘ಎ ಕ್ರಿಸ್‌ಮಸ್ ಕ್ಯಾರಲ್’. ಜಿಪುಣ ಸ್ಕ್ರೂಜನ ಕಥೆಯೆಂದರೆ ಇಂಗ್ಲಿಷ್ ಪಠ್ಯಪುಸ್ತಕ ಓದಿದ ನಮ್ಮ ಅನೇಕರಿಗೆ ನೆನಪಾದೀತು.

ಪ್ರಕಾಶಕರ ಮೇಲೆ ಮುನಿದಿದ್ದ ಡಿಕನ್ಸ್ ಈ ಪುಸ್ತಕದ ಖರ್ಚನ್ನೆಲ್ಲ ತಾನೇ ವಹಿಸಿದ. ಚ್ಯಾಪ್‌ಮನ್ ಅಂಡ್ ಹಾಲ್ ಸಂಸ್ಥೆಯದು ಅಚ್ಚು ಮಾಡಿಸಿ ಮಾರಿಕೊಡುವ ಕೆಲಸ ಮಾತ್ರ, ಲಾಭನಷ್ಟ ಲೇಖಕನದು. ಮೊದಲ ಮಗುವಿಗೆ ಒಡವೆ ತೊಡಿಸುವ ತಾಯಿಯಂತೆ ಆತ ಪುಸ್ತಕವನ್ನು ಸಿಂಗರಿಸಿದ. ಬಟ್ಟೆಯ ರಟ್ಟು, ಅದರ ಮೇಲೆ ಚಿನ್ನದ ಅಕ್ಷರ, ಹಾಳೆಗಳ ಅಂಚಿಗೂ ಚಿನ್ನದ ಲೇಪ, ಜಾನ್ ಲೀಚ್ ಬರೆದ ಎಂಟು ಚಿತ್ರಗಳು, ಅವುಗಳಲ್ಲಿ ನಾಲ್ಕಕ್ಕೆ ಒಂದೊಂದು ಪ್ರತಿಯಲ್ಲೂ ಕೈಯಿಂದಲೇ ಬಣ್ಣ. ರಟ್ಟಿನ ಒಳಗೆ ಅಂಟಿಸುವ ಕಾಗದದ ಹಸಿರು ಬಣ್ಣ ಒಪ್ಪಿಗೆಯಾಗದೆ, ಅದನ್ನು ಬಿಡಿಸಿ ಹಳದಿ ಹಾಕಿಸಿದ. ಇಷ್ಟೆಲ್ಲ ಮಾಡಿ ಬೆಲೆ ಇಟ್ಟದ್ದು ಐದು ಷಿಲಿಂಗ್. ಮೂರು ಸಂಪುಟಗಳ ಕಾದಂಬರಿಯೊಂದಕ್ಕೆ ಮೂವತ್ತೊಂದೂವರೆ ಷಿಲಿಂಗ್ ಕೊಡಬೇಕಾಗಿದ್ದ ಆ ಕಾಲದಲ್ಲಿ ಇದು ಮಧ್ಯಮವರ್ಗದವರ ಕೈಗೆಟುಕುವ ಉಡುಗೊರೆ. ಕೂಲಿಯವನಿಗಾದರೋ ಆಗಲೂ ದೂರದ ಮಾತೇ.

ಡಿಸೆಂಬರ್ 19ರಂದು ಪುಸ್ತಕ ಹೊರಬಂತು. ಕ್ರಿಸ್‌ಮಸ್ ಹಬ್ಬದ ಮುನ್ನಾದಿನದ ಹೊತ್ತಿಗೆ ಮೊದಲ ಮುದ್ರಣದ 6,000 ಪ್ರತಿಗಳೂ ಖರ್ಚಾಗಿದ್ದವು. ಡಿಕನ್ಸನ ಸಂಭ್ರಮಕ್ಕೆ ಎಣೆಯಿಲ್ಲದಾಯಿತು. ಔತಣ, ಕುಣಿತ, ನಾಟಕ ಎಂದು ಆತ ಹುಚ್ಚನಂತೆ ನಲಿದುದನ್ನು ಆತನ ಪತ್ರಗಳೇ ಹೇಳುತ್ತವೆ. ಅದೇ ಹಬ್ಬದ ದಿನಗಳಲ್ಲಿ, ಅಮೆರಿಕೆಗೆ ಹೋಗಿದ್ದ ನಟ ಮ್ಯಾಕ್ರೀಡಿಯ ಮನೆಯಲ್ಲಿ ಮಕ್ಕಳ ಸಂತೋಷಕೂಟ ನಡೆಯಿತು. ಅಲ್ಲಿ ಡಿಕನ್ಸ್ ಜಾದೂಗಾರನಾದ. ಯಾರದೋ ಟೋಪಿಯೊಳಗೆ ಹಸಿ ಮೊಟ್ಟೆ ಹಿಟ್ಟುಗಳನ್ನು ಸುರಿದು, ಅದರೊಳಗಿಂದ ಬಿಸಿಬಿಸಿ ಪುಡಿಂಗನ್ನು ಹೊರತೆಗೆದ. ನೋಡಿದವರು ಸಾಮಾನ್ಯರಲ್ಲ, ಇತಿಹಾಸಕಾರ ಕಾರ್ಲೈಲನ ಪತ್ನಿ ಜೇನ್ ಕಾರ್ಲೈಲ್. ಯಾರನ್ನೂ ಸುಲಭವಾಗಿ ಮೆಚ್ಚದ ಆಕೆಯೇ, ತಾನು ಕಂಡ ಜಾದೂಗಾರರಲ್ಲೆಲ್ಲ ಈತನೇ ಮೇಲೆಂದು ಬರೆದಳು.

ಹಬ್ಬ ಮುಗಿದ ಮೇಲೆ ಲೆಕ್ಕ ಬಂತು. ಸಾವಿರ ಪೌಂಡನ್ನು ನಿರೀಕ್ಷಿಸಿದ್ದವನಿಗೆ ಮೊದಲ ಆರು ಸಾವಿರ ಪ್ರತಿಗಳಿಂದ ಉಳಿದದ್ದು 230 ಪೌಂಡು. ಚಿನ್ನದ ಅಂಚು, ಕೈಬಣ್ಣ ಎಲ್ಲವೂ ಲಾಭವನ್ನು ನುಂಗಿಹಾಕಿದ್ದವು. ಸಾಲದ್ದಕ್ಕೆ, 1844ರ ಜನವರಿಯಲ್ಲಿಯೇ ಒಂದು ಅಗ್ಗದ ವಾರಪತ್ರಿಕೆ ಕಥೆಯನ್ನು ಕದ್ದು, ಅಲ್ಪಸ್ವಲ್ಪ ಬದಲಿಸಿ, ಎರಡು ಪೆನ್ನಿಗೆ ಮಾರಿತು. ಡಿಕನ್ಸ್ ನ್ಯಾಯಾಲಯಕ್ಕೆ ಹೋಗಿ ಗೆದ್ದ. ಆದರೆ ಕಳ್ಳರು ದಿವಾಳಿಯೆಂದು ಘೋಷಿಸಿಕೊಂಡರು. ಗೆದ್ದವನ ತಲೆಗೆ 700 ಪೌಂಡಿನಷ್ಟು ವ್ಯಾಜ್ಯದ ಖರ್ಚು ಬಿತ್ತು. ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಗಾದೆಯನ್ನು ಆತ ಕೇಳಿರಲಾರ.

ಇಲ್ಲಿಂದ ಮುಂದಿನದು ನಿಜಕ್ಕೂ ಕುತೂಹಲಕಾರಿ. ಹಣ ಕೈಕೊಟ್ಟಿತು, ಓದುಗರು ಕೈಬಿಡಲಿಲ್ಲ. ಅವರ ಮುಖವನ್ನು ಎದುರಿಗೇ ನೋಡಬೇಕೆಂಬ ಹಂಬಲ ಡಿಕನ್ಸನಲ್ಲಿ ಬೇರೂರಿತು. ಮರುವರ್ಷ ಇಟಲಿಯ ಜಿನೋವಾದಲ್ಲಿದ್ದು ‘ದಿ ಚೈಮ್ಸ್’ ಎಂಬ ಇನ್ನೊಂದು ಕ್ರಿಸ್‌ಮಸ್ ಪುಸ್ತಕವನ್ನು ಬರೆದಾಗ, ಅದನ್ನು ಗೆಳೆಯರಿಗೆ ತಾನೇ ಓದಿ ಹೇಳಬೇಕೆಂದು ಚಳಿಗಾಲದಲ್ಲಿ ಯೂರೋಪನ್ನು ದಾಟಿ ಲಂಡನ್ನಿಗೆ ಬಂದ. 1844ರ ಡಿಸೆಂಬರ್ 3ರಂದು ಜಾನ್ ಫಾರ್‌ಸ್ಟರನ ಮನೆಯಲ್ಲಿ ಕಾರ್ಲೈಲ್ ಮೊದಲಾದ ಹತ್ತಾರು ಮಂದಿ ಸುತ್ತ ಕುಳಿತು ಕೇಳಿದರು. ಚಿತ್ರಕಾರ ಮ್ಯಾಕ್ಲೀಸ್ ಆ ಕೂಟದ ರೇಖಾಚಿತ್ರ ಬರೆದು, ಓದುತ್ತಿದ್ದ ಡಿಕನ್ಸನ ತಲೆಯ ಸುತ್ತ ಸಂತರಿಗಿರುವಂಥ ಪ್ರಭಾವಳಿಯನ್ನು ಇಟ್ಟ. ಅದು ಹಾಸ್ಯವೋ ಭಕ್ತಿಯೋ ಹೇಳುವುದು ಕಷ್ಟ. ಪುಸ್ತಕ ಅಂಗಡಿಗೆ ಬರುವ ಮುನ್ನ ನಡೆದ ಈ ವಾಚನವನ್ನು ಇಂದಿನ ಬಿಡುಗಡೆ ಸಮಾರಂಭಗಳ ಹಿರಿಯಜ್ಜನೆಂದು ಕರೆಯಲು ಅಡ್ಡಿಯಿಲ್ಲ. ನಮ್ಮ ಸಮಾರಂಭಗಳಲ್ಲಿ ಪುಸ್ತಕವನ್ನು ಬಿಟ್ಟು ಮಿಕ್ಕೆಲ್ಲ ವಿಷಯಗಳ ಮೇಲೆ ಭಾಷಣಗಳಾಗುತ್ತವೆ. ಅಲ್ಲಿ ಆದದ್ದು ಪುಸ್ತಕದ ಓದು ಮಾತ್ರ.

1853ರ ಡಿಸೆಂಬರ್ 27ರಂದು ಬರ್ಮಿಂಗ್‌ಹ್ಯಾಮಿನ ಪುರಭವನದಲ್ಲಿ ಆತ ಮೊದಲ ಬಾರಿಗೆ ಸಾರ್ವಜನಿಕರೆದುರು ‘ಕ್ಯಾರಲ್’ ಓದಿದ. ಕಾರ್ಮಿಕರ ಶಿಕ್ಷಣಕ್ಕಾಗಿ ಸ್ಥಾಪನೆಯಾಗುತ್ತಿದ್ದ ಸಂಸ್ಥೆಯೊಂದರ ಸಹಾಯಾರ್ಥ ನಡೆದ ಕಾರ್ಯಕ್ರಮ ಅದು. ಅವನದೊಂದು ಷರತ್ತಿತ್ತು: ಒಂದು ರಾತ್ರಿಯ ವಾಚನ ದುಡಿಯುವವರಿಗೇ ಮೀಸಲಾಗಬೇಕು, ಪ್ರವೇಶಧನ ಆರು ಪೆನ್ನಿ ಮೀರಬಾರದು. 30ನೆಯ ತಾರೀಖಿನ ರಾತ್ರಿ ಸುಮಾರು 2,500 ಮಂದಿ ಕೂಲಿಕಾರ್ಮಿಕರು ಬಂದು ಕುಳಿತರು. ಐದು ಷಿಲಿಂಗಿನ ಪುಸ್ತಕವನ್ನು ಕೊಳ್ಳಲಾರದವರು ಅದರ ಕಥೆಯನ್ನು ಅದರ ಕರ್ತನ ಬಾಯಿಂದಲೇ ಕೇಳಿದರು. ಗಮಕಿಯ ಕಂಠದಲ್ಲಿ ಕುಮಾರವ್ಯಾಸನನ್ನು ಕೇಳಿ ಬೆಳೆದ ನಮ್ಮ ನಾಡಿನವರಿಗೆ, ಅಕ್ಷರ ಬಾರದವನಿಗೂ ಕಾವ್ಯ ದಕ್ಕುವುದೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಡಿಕನ್ಸನ ಬಾಳಿನಲ್ಲಿ ಪುಸ್ತಕಪ್ರಚಾರವೆಂಬುದು ಅತ್ಯಂತ ಉದಾತ್ತವಾಗಿ ಕಂಡದ್ದು ಆ ರಾತ್ರಿ ಎಂದೇ ನನ್ನ ಎಣಿಕೆ.

ಧರ್ಮಾರ್ಥವಾಗಿ ಓದುವುದು ಸರಿ, ಹಣಕ್ಕಾಗಿ ಓದಬಹುದೆ? ಆಪ್ತಮಿತ್ರ ಫಾರ್‌ಸ್ಟರ್ ಕೂಡದೆಂದ. ಅದು ಬರಹಗಾರನ ಘನತೆಗೆ ಕುಂದು ಎಂಬುದು ಅವನ ವಾದ. ಡಿಕನ್ಸ್ ಕೇಳಲಿಲ್ಲ. 1858ರ ಏಪ್ರಿಲ್ 29ರಂದು ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಹಾಲ್‌ನಲ್ಲಿ ಸಂಭಾವನೆಯ ವಾಚನಗಳು ಆರಂಭವಾದವು. ಮೂರು ಗಂಟೆ ಹಿಡಿಯುತ್ತಿದ್ದ ‘ಕ್ಯಾರಲ್’ ಅನ್ನು ಕತ್ತರಿಸಿ ಅರ್ಧಕ್ಕೆ ಇಳಿಸಿದ. ತನ್ನದೇ ವಿನ್ಯಾಸದ ಮೇಜನ್ನು ಮಾಡಿಸಿದ. ಮುಖದ ಒಂದೊಂದು ಗೆರೆಯೂ ಕೊನೆಯ ಸಾಲಿನವನಿಗೆ ಕಾಣುವಂತೆ ಅನಿಲದೀಪಗಳನ್ನು ಹೊಂದಿಸಿದ. ಜೀವಮಾನದಲ್ಲಿ ಇಂಥ ವಾಚನಗಳು ಸುಮಾರು 470 ಆದವು. 1867ರ ಡಿಸೆಂಬರಿನಲ್ಲಿ ಬಾಸ್ಟನ್ನಿನಲ್ಲಿ ಆರಂಭವಾದ ಅಮೆರಿಕೆಯ ಪ್ರವಾಸವೊಂದರಲ್ಲೇ 76. ಅಲ್ಲಿ ಟಿಕೆಟ್ಟಿಗಾಗಿ ಜನ ಹಿಂದಿನ ರಾತ್ರಿಯಿಂದಲೇ ಚಳಿಯಲ್ಲಿ ಸಾಲುಗಟ್ಟಿದರು. ಎರಡು ಡಾಲರಿನ ಟಿಕೆಟ್ಟನ್ನು ಕಾಳಸಂತೆಯವರು ಹಲವು ಪಟ್ಟಿಗೆ ಮಾರಿದರು. ಆ ಪ್ರವಾಸ ಸುಮಾರು 19,000 ಪೌಂಡು ಲಾಭ ತಂದಿತು. ಊಟ ಸೇರದೆ, ನಿದ್ದೆ ಬಾರದೆ, ಷೆರಿಯಲ್ಲಿ ಕದಡಿದ ಮೊಟ್ಟೆಯಂಥ ದ್ರವಾಹಾರದಲ್ಲಿ ಜೀವ ಹಿಡಿದು ಗಳಿಸಿದ ಹಣ ಅದು.

ಫಾರ್‌ಸ್ಟರನ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ತನ್ನ ಕೃತಿಯನ್ನು ತಾನೇ ಜನರೆದುರು ಓದುವುದರಲ್ಲಿ ಅವಮಾನವೇನೂ ಇಲ್ಲ. ಆದರೆ ಅವನು ಹೇಳದೆ ಹೋದ ಇನ್ನೊಂದು ಮಾತಿದೆ. ‘ಅವರ್ ಮ್ಯೂಚುಯಲ್ ಫ್ರೆಂಡ್’ ಕಾದಂಬರಿ ಮುಗಿದದ್ದು 1865ರ ನವೆಂಬರಿನಲ್ಲಿ. ಮುಂದಿನ ಕಾದಂಬರಿ ಬೆಳಕು ಕಂಡದ್ದು 1870ರಲ್ಲಿ. ನಡುವಿನ ನಾಲ್ಕು ವರ್ಷಗಳಿಗೂ ಮೀರಿದ ಕಾಲ ಬಹುಪಾಲು ಹಳೆಯ ಪುಸ್ತಕಗಳ ಓದಿಗೇ ಸಂದಿತು. ಬರೆದ ಪುಸ್ತಕಗಳ ಉತ್ಸವ ಬರೆಯಬೇಕಾದ ಪುಸ್ತಕಗಳನ್ನು ತಿಂದಿತು. ನಷ್ಟವಾದದ್ದು ಘನತೆಯಲ್ಲ, ಕಾದಂಬರಿ. ಮತ್ತು ಕೊನೆಗೆ ದೇಹ.

1869ರ ಜನವರಿಯಿಂದ ಆತ ‘ಆಲಿವರ್ ಟ್ವಿಸ್ಟ್’ನ ಕೊಲೆಯ ಪ್ರಸಂಗವನ್ನು ಓದತೊಡಗಿದ. ಸಹಜವಾಗಿ 72 ಇರುತ್ತಿದ್ದ ನಾಡಿಬಡಿತ ಆ ಓದಿನ ಕೊನೆಗೆ 100 ಮೀರುತ್ತಿತ್ತು. ಏಪ್ರಿಲ್‌ನಲ್ಲಿ, ನೂರು ವಾಚನಗಳ ಒಪ್ಪಂದ ಇನ್ನೂ ಪೂರೈಸದಿರುವಾಗ, ಪ್ರೆಸ್ಟನ್ ಊರಿನಲ್ಲಿ ವೈದ್ಯರು ಪ್ರವಾಸವನ್ನು ತಡೆದರು. ಆದರೂ ಹಠ ಹಿಡಿದು, ಲಂಡನ್ನಿನಲ್ಲಿ ಹನ್ನೆರಡು ವಿದಾಯ ವಾಚನಗಳಿಗೆ ಅನುಮತಿ ಪಡೆದ. ವೈದ್ಯ ಬಿಯರ್ಡ್ ಪಕ್ಕದಲ್ಲೇ ಇರುತ್ತಿದ್ದ. ತಂದೆ ತಡವರಿಸಿದರೆ ವೇದಿಕೆ ಹತ್ತಿ ಹಿಡಿದುಕೊಳ್ಳಬೇಕೆಂದು ಹಿರಿಯ ಮಗನಿಗೆ ಆಜ್ಞೆಯಾಗಿತ್ತು.

1870ರ ಮಾರ್ಚ್ 15ರಂದು ಸೇಂಟ್ ಜೇಮ್ಸ್ ಹಾಲ್‌ನಲ್ಲಿ ಕೊನೆಯ ವಾಚನ. ಆಯ್ದುಕೊಂಡದ್ದು ಬರ್ಮಿಂಗ್‌ಹ್ಯಾಮಿನಲ್ಲಿ ಮೊದಲು ಓದಿದ್ದ ಅದೇ ‘ಕ್ಯಾರಲ್’, ಜೊತೆಗೆ ‘ಪಿಕ್‌ವಿಕ್’ನ ನ್ಯಾಯಾಲಯದ ಪ್ರಸಂಗ. ಓದು ಮುಗಿದ ಮೇಲೆ ಆತ ಪುಟ್ಟ ವಿದಾಯಭಾಷಣ ಮಾಡಿದ. ಅದರಲ್ಲಿ, ಇನ್ನೆರಡು ವಾರಗಳಲ್ಲಿ ನಿಮ್ಮ ನಿಮ್ಮ ಮನೆಗಳಲ್ಲೇ ಹೊಸ ಓದೊಂದು ಶುರುವಾಗಲಿದೆ, ಅದಕ್ಕೆ ನನ್ನ ನೆರವು ಬೇಕೇಬೇಕಾದೀತು ಎಂಬ ಅರ್ಥದ ಒಂದು ಮಾತು ಬಂತು. ಹೊಸ ಕಾದಂಬರಿ ‘ದಿ ಮಿಸ್ಟರಿ ಆಫ್ ಎಡ್ವಿನ್ ಡ್ರೂಡ್’ನ ಪ್ರಕಟಣೆ ಅದು. ಕಣ್ಣೀರಿನ ಗಳಿಗೆಯಲ್ಲೂ ಹೊಸ ಪುಸ್ತಕವನ್ನು ಮರೆಯದ ಈ ಗುಣವನ್ನು ವ್ಯಾಪಾರಬುದ್ಧಿ ಎನ್ನುವವರು ಎನ್ನಲಿ. ಐದು ವರ್ಷಗಳ ಬಳಿಕ ಮತ್ತೆ ಕಾದಂಬರಿಗೆ ಮರಳಿದವನ ಉಲ್ಲಾಸ ನನಗೆ ಅದರಲ್ಲಿ ಕೇಳಿಸುತ್ತದೆ.

ಏಪ್ರಿಲ್‌ನಲ್ಲಿ ಮೊದಲ ಸಂಚಿಕೆ ಬಂದು 50,000 ಪ್ರತಿಗಳವರೆಗೆ ಮಾರಾಟವಾಯಿತು. ಪ್ರಕಾಶಕರೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಒಂದು ವಿಶೇಷ ಕರಾರಿತ್ತು. ಲೇಖಕನು ನಡುವೆಯೇ ತೀರಿಕೊಂಡರೆ ಎಷ್ಟು ಹಣ ಹಿಂತಿರುಗಿಸಬೇಕೆಂಬುದನ್ನು ಮಧ್ಯಸ್ಥರು ತೀರ್ಮಾನಿಸತಕ್ಕದ್ದು ಎಂದು. ಅದನ್ನು ಬರೆಸಿದವನು ಡಿಕನ್ಸನೇ. ಜೂನ್ 8ರ ಸಂಜೆ, ಬರವಣಿಗೆ ಮುಗಿಸಿ ಊಟಕ್ಕೆ ಕುಳಿತಾಗ ಕುಸಿದುಬಿದ್ದ; ಮರುದಿನ ತೀರಿಕೊಂಡ. ಹನ್ನೆರಡಾಗಬೇಕಾಗಿದ್ದ ಸಂಚಿಕೆಗಳಲ್ಲಿ ಸಿದ್ಧವಾಗಿದ್ದವು ಆರು. ಆರನೆಯದು ಸೆಪ್ಟೆಂಬರಿನಲ್ಲಿ ಹೊರಬಂತು. ಎಡ್ವಿನ್ ಡ್ರೂಡನಿಗೆ ಏನಾಯಿತೆಂಬುದು ಅದರಲ್ಲಿರಲಿಲ್ಲ.