ಬ್ಯಾಕ್ಟೀರಿಯಾ ಎರಡಾಗುವಾಗ ಅದರ ವರ್ಣತಂತು ಹೇಗೆ ಬೇರ್ಪಡುತ್ತದೆ?

ಬ್ಯಾಕ್ಟೀರಿಯಾ ಸರಳ ಜೀವಿ, ನಡುವೆ ಸೀಳಿಕೊಂಡು ಸುಮ್ಮನೆ ಎರಡಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಇದು ಅರ್ಧ ಸತ್ಯ. ಸೀಳುವ ಮೊದಲು ಅದು ತನ್ನ ವರ್ಣತಂತುವಿನ ಎರಡು ಪ್ರತಿಗಳನ್ನು ಸಿಕ್ಕಿಲ್ಲದಂತೆ ಬಿಡಿಸಬೇಕು. ನಮಗೆ ಪರಿಚಿತವಾದ ಸಿಪ್ರೋಫ್ಲಾಕ್ಸಾಸಿನ್ ಮಾತ್ರೆ ಅಡ್ಡಗಾಲು ಹಾಕುವ ಕೆಲಸಗಳಲ್ಲಿ ಇದೂ ಒಂದು.

ಕೆಲಸ ಎಷ್ಟು ಕಷ್ಟ?

ನಮ್ಮ ಕರುಳಿನಲ್ಲಿರುವ ಇ. ಕೋಲಿಯ ಉದ್ದ ಸುಮಾರು 2 ಮೈಕ್ರೋಮೀಟರ್. ಅದರ ವರ್ಣತಂತು ಸುಮಾರು 46 ಲಕ್ಷ ಬೇಸ್ ಜೋಡಿಗಳ ಒಂದು ಉಂಗುರ. ಬಿಡಿಸಿದರೆ ಸುಮಾರು 1.5 ಮಿಲಿಮೀಟರ್, ಅಂದರೆ ಕೋಶದ ಏಳುನೂರು ಪಟ್ಟಿಗಿಂತ ಹೆಚ್ಚು. ನಮ್ಮ ಜೀವಕೋಶಗಳಲ್ಲಿ ವರ್ಣತಂತುಗಳನ್ನು ಎಳೆಯಲು ಸ್ಪಿಂಡಲ್ ಎಂಬ ಎಳೆಗಳ ಜಾಲವಿದೆ. ಬ್ಯಾಕ್ಟೀರಿಯಾದಲ್ಲಿ ಅದಿಲ್ಲ.

1963ರಲ್ಲಿ ಜಾಕೋಬ್, ಬ್ರೆನ್ನರ್ ಮತ್ತು ಕ್ಯೂಜಿನ್ ಒಂದು ಊಹೆ ಮುಂದಿಟ್ಟರು: ಎರಡು ಪ್ರತಿಗಳೂ ಕೋಶದ ಪೊರೆಗೆ ಅಂಟಿಕೊಂಡಿದ್ದು, ಪೊರೆ ಬೆಳೆದಂತೆ ದೂರವಾಗುತ್ತವೆ. ಆದರೆ 1990ರ ದಶಕದ ಕೊನೆಯಲ್ಲಿ ಹೊಳೆಯುವ ಪ್ರೋಟೀನುಗಳಿಂದ ಗುರುತು ಮಾಡಿ ನೋಡಿದಾಗ, ಡಿಎನ್‌ಎ ನಕಲು ಶುರುವಾಗುವ ಜಾಗಗಳು ಕೋಶದ ಬೆಳವಣಿಗೆಗಿಂತ ವೇಗವಾಗಿ ಸರಿಯುತ್ತಿದ್ದವು. ಅಂದರೆ ಅವುಗಳನ್ನು ಸರಿಸುವ ವ್ಯವಸ್ಥೆ ಬೇರೆಯೇ ಇದೆ.

ನಿಜಕ್ಕೂ ಆಗುವುದೇನು?

ನಕಲು ಮುಗಿಯುವವರೆಗೆ ಬ್ಯಾಕ್ಟೀರಿಯಾ ಕಾಯುವುದಿಲ್ಲ. ನಕಲಾದಷ್ಟು ಭಾಗ ಆಗಲೇ ದೂರ ಸರಿಯುತ್ತದೆ. ಕಾಲೋಬ್ಯಾಕ್ಟರ್‌ನಲ್ಲಿ ಪಾರ್‌ಬಿ ಪ್ರೋಟೀನ್ ನಕಲಿನ ಆರಂಭದ ಜಾಗದ ಬಳಿ ಕೂರುತ್ತದೆ, ಪಾರ್‌ಎ ಅದನ್ನು ಎದುರು ತುದಿಗೆ ಒಯ್ಯುತ್ತದೆ. ಇ. ಕೋಲಿಯಲ್ಲಿ ಈ ಜೋಡಿ ಇಲ್ಲ. ಅಲ್ಲಿ ಮುಕ್‌ಬಿಇಎಫ್ ಎಂಬ ಪ್ರೋಟೀನುಗಳ ಗುಂಪು ಡಿಎನ್‌ಎಯನ್ನು ಮಡಚಿ ಒಪ್ಪವಾಗಿಸುತ್ತದೆ. ಜೀವಂತ ಕೋಶದಲ್ಲಿ ಇದರ ರಚನೆಯನ್ನು 2012ರಲ್ಲಿ ವರದಿ ಮಾಡಿದ ಆಕ್ಸ್‌ಫರ್ಡ್ ತಂಡದಲ್ಲಿದ್ದ ಅಂಜನಾ ಬದ್ರಿನಾರಾಯಣನ್, ನಂತರ ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎ ದುರಸ್ತಿ ಕುರಿತ ಪ್ರಯೋಗಾಲಯ ಕಟ್ಟಿದರು.

ಕೊನೆಗೆ ಉಳಿಯುವುದು ಸರಪಳಿಯ ಕೊಂಡಿಗಳಂತೆ ಒಂದರೊಳಗೊಂದು ಸಿಕ್ಕಿಕೊಂಡ ಎರಡು ಉಂಗುರ. ಟೋಪೋಐಸೋಮರೇಸ್-4 ಕಿಣ್ವ ಒಂದನ್ನು ಕತ್ತರಿಸಿ, ಇನ್ನೊಂದನ್ನು ಆ ಬಿರುಕಿನಿಂದ ದಾಟಿಸಿ, ಮತ್ತೆ ಬೆಸೆಯುತ್ತದೆ. ನಡುಗೋಡೆಯ ಬಳಿ ಉಳಿದ ಡಿಎನ್‌ಎಯನ್ನು ಎಫ್‌ಟಿಎಸ್‌ಕೆ ಎಂಬ ಪ್ರೋಟೀನ್ ಆಚೀಚೆ ಸಾಗಿಸುತ್ತದೆ.

ಮಾತ್ರೆಗೂ ಇದಕ್ಕೂ ಏನು ಸಂಬಂಧ?

ಸಿಪ್ರೋಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್ ಮಾತ್ರೆಗಳು ಈ ಕಿಣ್ವವನ್ನೂ ಅದರ ಸೋದರ ಕಿಣ್ವ ಗೈರೇಸನ್ನೂ ಕತ್ತರಿಸಿದ ಸ್ಥಿತಿಯಲ್ಲೇ ಹಿಡಿದುಬಿಡುತ್ತವೆ. ಬೆಸುಗೆಯಾಗದ ಡಿಎನ್‌ಎ ತುಂಡಾಗಿ ಬ್ಯಾಕ್ಟೀರಿಯಾ ಸಾಯುತ್ತದೆ.

ಶೀತ, ಫ್ಲೂ, ಡೆಂಗಿ ವೈರಸ್‌ಗಳಲ್ಲಿ ಈ ಕಿಣ್ವಗಳೇ ಇಲ್ಲ. ಹಾಗಾಗಿ ವೈರಲ್ ಜ್ವರಕ್ಕೆ ಈ ಮಾತ್ರೆ ನುಂಗಿದರೆ ಪೆಟ್ಟು ಬೀಳುವುದು ಕರುಳಿನ ಬ್ಯಾಕ್ಟೀರಿಯಾಗಳಿಗೆ ಮಾತ್ರ. ಅವುಗಳಲ್ಲಿ ಕಿಣ್ವದ ರೂಪ ಬದಲಾದವು ಬದುಕುಳಿದು ಹೆಚ್ಚುತ್ತವೆ. ಭಾರತದಲ್ಲಿ ಟೈಫಾಯಿಡ್‌ಗೆ ಸಿಪ್ರೋ ಬಹುಮಟ್ಟಿಗೆ ಕೈಕೊಟ್ಟಿದೆ. ಗೈರೇಸ್‌ನಲ್ಲಾದ ಇಂಥ ಬದಲಾವಣೆಗಳೇ ಅದಕ್ಕೆ ಮುಖ್ಯ ಕಾರಣ.

ಪೀಣ್ಯದ ಕಾರ್ಖಾನೆಯಿರಲಿ, ವೈಟ್‌ಫೀಲ್ಡ್‌ನ ಟೆಕ್ ಪಾರ್ಕ್ ಇರಲಿ, ನಾಳಿನ ಶಿಫ್ಟ್ ತಪ್ಪಬಾರದೆಂದು ನಾವೇ ಮೆಡಿಕಲ್ ಶಾಪ್‌ನಲ್ಲಿ ಸಿಪ್ರೋ ಕೇಳುವುದು ಬೇಡ. ಜ್ವರ ಯಾವುದೆಂದು ವೈದ್ಯರು ಹೇಳಲಿ.